ಬಣ್ಣ ಬಿಡಿ, ಬೆಡ್ ನೋಡಿ: ಹಳೇ ಲೇತ್ ಬಗ್ಗೆ ಓದುಗರ ಪ್ರಶ್ನೆಗಳು

ಹಳೇ ಲೇತ್ (ಲೋಹದ ತುಂಡನ್ನು ತಿರುಗಿಸಿ ಕಡೆಯುವ ಯಂತ್ರ) ಕೊಂಡು ಮನೆಯ ಶೆಡ್ಡಿನಲ್ಲಿ ನಿಲ್ಲಿಸಿಕೊಳ್ಳುವ ಆಸೆ ಇರುವವರು ಉತ್ತರ ಕನ್ನಡದಲ್ಲಿ ಸಾಕಷ್ಟು ಜನ ಇದ್ದಾರೆ ಎಂಬುದು ಬಂದ ಪತ್ರಗಳಿಂದ ಗೊತ್ತಾಗುತ್ತದೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಮುಚ್ಚಿದ ವರ್ಕ್‌ಶಾಪ್ ಒಂದರ ನಾಲ್ಕೂವರೆ ಅಡಿ ಬೆಡ್‌ನ ಬೆಲ್ಟ್ ಲೇತ್ ಮಾರಾಟಕ್ಕಿದೆ. ಹೊಸದಾಗಿ ಹಸಿರು ಬಣ್ಣ ಹೊಡೆದಿದ್ದಾರೆ. ಅಡಿಕೆ ಸುಲಿಯುವ ಯಂತ್ರ, ಔಷಧಿ ಹೊಡೆಯುವ ಪಂಪು ಇವುಗಳ ಬುಷ್, ಶಾಫ್ಟ್ ಮಾಡಿಕೊಳ್ಳುವಷ್ಟೇ ನನ್ನ ಕೆಲಸ. ಏನೇನು ಪರೀಕ್ಷಿಸಬೇಕು? — ಓದುಗರು, ಶಿರಸಿ

ಉತ್ತರ: ಹೋಗುವಾಗ ಮ್ಯಾಗ್ನೆಟ್ ಸ್ಟ್ಯಾಂಡ್ ಸಹಿತ ಡಯಲ್ ಗೇಜ್ (ಸೂಕ್ಷ್ಮ ಅಲುಗಾಟ ಅಳೆಯುವ ಸಾಧನ), ಟಾರ್ಚ್, ಒಂದಡಿ ಉದ್ದದ ನೇರ ಸರಳು, ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಅದ್ದಿದ ಬಟ್ಟೆ ಒಯ್ಯಿರಿ. ಹೊಸ ಬಣ್ಣ ಏನನ್ನೂ ಹೇಳುವುದಿಲ್ಲ. ಬೆಡ್‌ನ ಮೇಲೂ ಗೇರುಗಳ ಮೇಲೂ ಬಣ್ಣ ಸೋರಿದ್ದರೆ ಮಾತ್ರ ಒಂದು ವಿಷಯ ಗೊತ್ತಾಗುತ್ತದೆ: ಬಿಚ್ಚದೆ, ತೊಳೆಯದೆ ಬಳಿದಿದ್ದಾರೆ.

ಮೊದಲು ಬೆಡ್, ಅಂದರೆ ಎಲ್ಲ ಭಾಗಗಳೂ ಕೂರುವ ಉದ್ದನೆಯ ಎರಕದ ಹಾಸು. ಲೇತ್‌ನ ಬಹುಪಾಲು ಕೆಲಸ ಚಕ್‌ನಿಂದ (ಕಡೆಯುವ ತುಂಡನ್ನು ದವಡೆಗಳಿಂದ ಕಚ್ಚಿ ಹಿಡಿಯುವ ಭಾಗ) ಒಂದಡಿಯೊಳಗೇ ನಡೆಯುತ್ತದೆ, ಸವೆತವೂ ಅಲ್ಲೇ. ಬೆಡ್ ಒರೆಸಿ, ಸ್ಯಾಡಲ್ (ಟೂಲನ್ನು ಹೊತ್ತು ಬೆಡ್ ಮೇಲೆ ಓಡುವ ಭಾಗ) ಎಂದೂ ಓಡಾಡದ ತುದಿಯಿಂದ ಓಡಾಡುವ ಜಾಗಕ್ಕೆ ಉಗುರು ಎಳೆಯಿರಿ. ವಿ ಆಕಾರದ ಏಣಿನ ಮುಂಬದಿಯ ಇಳಿಜಾರಿನ ಮೇಲೆ ಎಳೆಯುವುದು ಮುಖ್ಯ. ಉಗುರು ತಡೆದರೆ ಅಲ್ಲಿ ಮೆಟ್ಟಿಲು ಬಿದ್ದಿದೆ. ಆಮೇಲೆ ಸ್ಯಾಡಲ್ಲನ್ನು ಚಕ್ ಹತ್ತಿರ ತಂದು, ಹಿಂದಿನ ಹಿಡಿಪಟ್ಟಿಯನ್ನು ಅಲುಗಾಟ ಹೋಗುವಷ್ಟು ಬಿಗಿ ಮಾಡಿ ಟೇಲ್‌ಸ್ಟಾಕ್ (ಚಕ್‌ಗೆ ಎದುರಿನ ತುದಿಯ ಆಸರೆ) ಕಡೆಗೆ ಓಡಿಸಿ. ಅರ್ಧ ದಾರಿಯಲ್ಲೇ ಕಚ್ಚಿಕೊಂಡು ನಿಂತರೆ ಚಕ್ ಬಳಿ ಬೆಡ್ ತಗ್ಗಿದೆ.

ತಗ್ಗಿದ ಮಾತ್ರಕ್ಕೆ ಬಿಟ್ಟು ಬರಬೇಡಿ. ಟೂಲ್ ನೇರ ಕೆಳಗೆ 0.1 ಮಿ.ಮೀ. ಇಳಿದರೆ 25 ಮಿ.ಮೀ. ಶಾಫ್ಟಿನ ತ್ರಿಜ್ಯದಲ್ಲಿ ಆಗುವ ವ್ಯತ್ಯಾಸ 0.0004 ಮಿ.ಮೀ. ಮಾತ್ರ, ಯಾವ ಮೈಕ್ರೋಮೀಟರಿಗೂ ಸಿಗದಷ್ಟು. ಆದರೆ ಏಣಿನ ಮುಂಬದಿ ಸವೆದು ಟೂಲ್ ಅಡ್ಡಕ್ಕೆ 0.1 ಸರಿದರೆ ವ್ಯಾಸದಲ್ಲಿ ಪೂರ್ತಿ 0.2 ತಪ್ಪುತ್ತದೆ. ಅದಕ್ಕೇ ಮುಂಬದಿಯ ಇಳಿಜಾರು ನೋಡಿ ಎಂದದ್ದು. ಆ ಮೆಟ್ಟಿಲು ಕಣ್ಣಿಗೇ ಕಾಣುವಂತಿದ್ದರೆ ಬೇಡ. ಬೆಡ್ ಗ್ರೈಂಡಿಂಗಿನ ಖರ್ಚು ಇಂಥ ಲೇತ್‌ನ ಬೆಲೆಯನ್ನೇ ಮೀರಬಹುದು.

ಎರಡನೆಯದು ಸ್ಪಿಂಡಲ್, ಅಂದರೆ ಚಕ್ಕನ್ನು ತಿರುಗಿಸುವ ಅಚ್ಚು. ಸರಳನ್ನು ಚಕ್‌ಗೆ ಕಚ್ಚಿಸಿ. ಡಯಲ್ ಗೇಜಿನ ಸ್ಟ್ಯಾಂಡನ್ನು ಬೆಡ್ ಮೇಲಿಟ್ಟು ಮುಳ್ಳನ್ನು ಚಕ್‌ನ ಹಿಂದೆ ಸ್ಪಿಂಡಲ್ ಕೊರಳಿಗೆ ತಾಗಿಸಿ. ಸರಳನ್ನು ಕೈಯಲ್ಲಿ ಮೇಲಕ್ಕೆ ಎತ್ತಿ, ಕೆಳಕ್ಕೆ ಒತ್ತಿ. ಬುಷ್ ಬೇರಿಂಗ್‌ನ ಲೇತ್‌ನಲ್ಲಿ 0.02ರಿಂದ 0.03 ಮಿ.ಮೀ. ತೋರಿಸಿದರೆ ಚಿಂತೆ ಇಲ್ಲ. 0.05 ದಾಟಿದರೆ ಬೇರಿಂಗ್ ಟೋಪಿಯ ಅಡಿಯ ಶಿಮ್ (ತೆಳು ತಗಡಿನ ಚೂರು) ತೆಗೆದು ಬಿಗಿ ಮಾಡಲು ಇನ್ನೂ ಜಾಗ ಇದೆಯೇ ಕೇಳಿ. ಶಿಮ್‌ಗಳೆಲ್ಲ ಮುಗಿದಿದ್ದರೆ ಹೊಸ ಬುಷ್‌ನ ಖರ್ಚು ಬೆಲೆಯಲ್ಲಿ ಕಳೆಯಿರಿ. ಸ್ಪಿಂಡಲ್ ಒಳಗಿನ ಟೇಪರ್ ಒರೆಸಿ ಅಲ್ಲೂ ಮುಳ್ಳು ತಾಗಿಸಿ ನಿಧಾನ ತಿರುಗಿಸಿ. ಒಳ್ಳೆಯ ಲೇತ್ 0.01ರ ಆಸುಪಾಸು ತೋರಿಸುತ್ತದೆ.

ಉಳಿದವು ಬೇಗ ಆಗುತ್ತವೆ. ಬ್ಯಾಕ್ ಗೇರ್ (ಚಕ್‌ನ ವೇಗ ಇಳಿಸುವ ಗೇರುಗಳು) ಹಾಕಿ ಕೈಯಲ್ಲಿ ಪೂರ್ತಿ ಒಂದು ಸುತ್ತು ತಿರುಗಿಸಿ, ಒಂದೊಂದು ಹಲ್ಲಿಗೂ ಟಾರ್ಚ್ ಬಿಡಿ. ಹಾಫ್ ನಟ್ (ತ್ರೆಡ್ ಹಾಕುವಾಗ ಸ್ಯಾಡಲ್ಲನ್ನು ಎಳೆಯುವ ಉದ್ದನೆಯ ತಿರುಪಾದ ಲೀಡ್ ಸ್ಕ್ರೂವಿಗೆ ಕಚ್ಚುವ ನಟ್) ಹಾಕಿ ಸ್ಯಾಡಲ್ಲನ್ನು ಹಿಂದೆ ಮುಂದೆ ತಳ್ಳಿ ನೋಡಿ. ಟೂಲನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡ್ ಹಿಡಿಕೆಯಲ್ಲಿ ಕಾಲು ಸುತ್ತಿನ ಪ್ಲೇ ಸಹಿಸಬಹುದು, ಅರ್ಧ ಸುತ್ತಾದರೆ ಗನ್ ಮೆಟಲ್ ನಟ್ ಹೋಗಿದೆ. ಚಕ್‌ನಲ್ಲಿ ಸರಳು ಕಚ್ಚಿಸಿ ದವಡೆಯ ಬಾಯಲ್ಲಿ ಬೆಳಕು ಹಾಯುತ್ತದೆಯೇ ಗಮನಿಸಿ. ನಾಲ್ಕು ದವಡೆಯ ಚಕ್, ಫೇಸ್ ಪ್ಲೇಟ್, ಸ್ಟೆಡಿ, ತ್ರೆಡ್ಡಿನ ಅಳತೆ ಬದಲಿಸುವ ಚೇಂಜ್ ಗೇರುಗಳ ಪೂರ್ತಿ ಸೆಟ್ಟು ಜೊತೆಗಿದ್ದರೆ ಬೆಲೆ ಸ್ವಲ್ಪ ಹೆಚ್ಚಾದರೂ ಕೊಡಿ. ಇವನ್ನು ಒಂದೊಂದಾಗಿ ಹುಡುಕಿ ಕೊಳ್ಳುವುದು ಬಹಳ ತುಟ್ಟಿ.

ಯಾವ ಕಂಪನಿ ಎಂದೂ ಕೇಳಿದ್ದೀರಿ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್, 1953ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್.ಎಂ.ಟಿ. ಎರಡರ ಎರಕವೂ ಗಟ್ಟಿ. ಆದರೆ ಎಚ್.ಎಂ.ಟಿ.ಯ ದೊಡ್ಡ ಗೇರ್ಡ್ ಲೇತ್‌ಗಳು ಒಂದು ಟನ್ನಿಗೂ ಮೀರಿದ ತೂಕದವು, ಮನೆಯ ಶೆಡ್ಡಿಗೆ ಹೊಂದುವುದಿಲ್ಲ. ನಿಮ್ಮ ಕೆಲಸಕ್ಕೆ ಬೆಲ್ಟ್ ಲೇತ್ ಸಾಕು.

ಪ್ರಶ್ನೆ: ಬೈತಖೋಲದ ಹತ್ತಿರ ಶೆಡ್ಡೊಂದರಲ್ಲಿ ಐದಾರು ಮಳೆಗಾಲ ಕಂಡ ಲೇತ್ ಗುಜರಿ ಬೆಲೆಗೆ ಸಿಕ್ಕಿದೆ. ಮೇಲಿಂದ ಕೆಳಗೆ ತುಕ್ಕು. ಬಾತ್‌ರೂಮ್ ತೊಳೆಯುವ ಆ್ಯಸಿಡ್ ಹಾಕಿದರೆ ಒಂದೇ ದಿನದಲ್ಲಿ ಬಿಡುತ್ತದೆ ಎನ್ನುತ್ತಾರೆ. ಹಾಕಲೇ? — ಓದುಗರು, ಕಾರವಾರ

ಉತ್ತರ: ದಯವಿಟ್ಟು ಹಾಕಬೇಡಿ. ಅದರ ಹೊಗೆ ಶೆಡ್ಡಿನಲ್ಲಿರುವ ಡ್ರಿಲ್, ಅರ, ಸ್ಪ್ಯಾನರ್ ಎಲ್ಲದಕ್ಕೂ ಎರಡೇ ದಿನದಲ್ಲಿ ತುಕ್ಕು ಹಿಡಿಸುತ್ತದೆ, ಎರಕದ ಸೂಕ್ಷ್ಮ ರಂಧ್ರಗಳಲ್ಲಿ ಕ್ಲೋರೈಡ್ ಉಳಿಸಿಬಿಡುತ್ತದೆ. ಕಡಲ ತೀರದ ತುಕ್ಕಿನ ಮೂಲವೇ ಈ ಕ್ಲೋರೈಡ್. ಗಾಳಿಯ ತೇವ ಶೇ. 75 ದಾಟಿದರೆ ಉಪ್ಪು ತಾನಾಗಿ ನೀರು ಎಳೆದುಕೊಂಡು ಕರಗುತ್ತದೆ. ಉಪ್ಪು ತೆಗೆಯದೆ ಎಣ್ಣೆ ಹಚ್ಚಿದರೆ ತುಕ್ಕು ಎಣ್ಣೆಯ ಅಡಿಯಲ್ಲೇ ಬೆಳೆಯುತ್ತದೆ.

ಹಾಗಾಗಿ ಮೊದಲ ಕೆಲಸ ತೊಳೆಯುವುದು. ಮೋಟಾರು, ಬೆಲ್ಟು ತೆಗೆದಿಟ್ಟು, ಲೀಟರ್ ಬಿಸಿನೀರಿಗೆ 50 ಗ್ರಾಂ ವಾಷಿಂಗ್ ಸೋಡಾ ಕಲಸಿ ಬ್ರಷ್‌ನಿಂದ ತಿಕ್ಕಿ, ಬಿಸಿನೀರಲ್ಲೇ ಜಾಲಾಡಿ ಕೂಡಲೇ ಒರೆಸಿ, ಡೀಸೆಲ್ ಸವರಿ. ಹೆಡ್‌ಸ್ಟಾಕ್ (ಸ್ಪಿಂಡಲ್ ಕೂರುವ ಭಾಗ) ಬೇರಿಂಗ್ ಒಳಗೆ ನೀರು ಹೋಗದಂತೆ ಬಟ್ಟೆ ತುರುಕಿರಿ. ಬಿಸಿಲಿರುವ ದಿನ ನೋಡಿಯೇ ಈ ಕೆಲಸಕ್ಕೆ ಕೈ ಹಾಕಿ.

ಆಮೇಲೆ ಬಿಚ್ಚುವುದು. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿ. ಲೀಡ್ ಸ್ಕ್ರೂ, ಹಿಡಿಕೆಗಳಲ್ಲಿ ಇರುವುದು ಬಹುತೇಕ ಟೇಪರ್ ಪಿನ್. ಹಳೇ ಇಂಚಿನ ಯಂತ್ರದಲ್ಲಿ ಅದರ ಇಳಿಜಾರು 48ಕ್ಕೆ 1, ಕಣ್ಣಿಗೆ ಕಾಣುವುದಿಲ್ಲ. ಎರಡೂ ತುದಿಗಳನ್ನು ವರ್ನಿಯರ್‌ನಲ್ಲಿ ಅಳೆದು ಸಣ್ಣ ತುದಿಯಿಂದಲೇ ಹೊಡೆಯಿರಿ. ದಪ್ಪ ತುದಿಯಿಂದ ಹೊಡೆದರೆ ಪಿನ್ ಇನ್ನಷ್ಟು ಕಚ್ಚುತ್ತದೆ, ಕೊನೆಗೆ ಹಿಡಿಕೆಯ ಬೀಡುಕಬ್ಬಿಣವೇ ಸೀಳುತ್ತದೆ.

ಹ್ಯಾಂಡ್‌ವೀಲ್, ಟೂಲ್ ಪೋಸ್ಟ್, ಚೇಂಜ್ ಗೇರ್, ಬ್ರಾಕೆಟ್ ಮುಂತಾದ ಬಿಡಿ ಭಾಗಗಳಿಗೆ ವಿದ್ಯುತ್ ತೊಟ್ಟಿ ಒಳ್ಳೆಯದು. 20 ಲೀಟರ್ ಪ್ಲಾಸ್ಟಿಕ್ ಬಕೆಟ್ಟಿಗೆ 200 ಗ್ರಾಂ ವಾಷಿಂಗ್ ಸೋಡಾ. ಸುತ್ತಲೂ ನಾಲ್ಕು ತುಂಡು ಮಾಮೂಲಿ ಕಬ್ಬಿಣದ ಸರಳು ನಿಲ್ಲಿಸಿ ತಂತಿಯಿಂದ ಸೇರಿಸಿ ಚಾರ್ಜರಿನ ಪಾಸಿಟಿವ್‌ಗೆ, ತುಕ್ಕಿನ ಭಾಗವನ್ನು ನೆಗೆಟಿವ್‌ಗೆ ಕೊಡಿ. ಅದಲು ಬದಲಾದರೆ ಕರಗುವುದು ನಿಮ್ಮ ಗೇರು. 12 ವೋಲ್ಟಿನಲ್ಲಿ 2ರಿಂದ 5 ಆಂಪಿಯರ್ ಹರಿಯಲಿ. 12ರಿಂದ 24 ಗಂಟೆಯಲ್ಲಿ ತುಕ್ಕು ಕಪ್ಪು ಕೆಸರಾಗಿ, ಬೆರಳಲ್ಲಿ ಒರೆಸಿದರೆ ಬರುವಂತಾಗುತ್ತದೆ. ಗುಳ್ಳೆಯಾಗಿ ಏಳುವುದು ಜಲಜನಕ, ಆದ್ದರಿಂದ ಅಂಗಳದಲ್ಲಿ ಇಡಿ, ಹತ್ತಿರ ಬೆಂಕಿ ಬೇಡ. ಸ್ಟೇನ್‌ಲೆಸ್ ಸ್ಟೀಲ್ ತುಂಡನ್ನು ಪಾಸಿಟಿವ್‌ಗೆ ಹಾಕಬೇಡಿ, ನೀರಿಗೆ ವಿಷಕಾರಿ ಕ್ರೋಮಿಯಂ ಬಿಡುತ್ತದೆ. ಸ್ಪ್ರಿಂಗುಗಳನ್ನು ಈ ತೊಟ್ಟಿಗೆ ಹಾಕಬಾರದು, ಜಲಜನಕ ಒಳಹೊಕ್ಕು ಪೆಡಸಾಗಿ ಮುರಿಯುತ್ತವೆ. ಸಣ್ಣಪುಟ್ಟದ್ದಕ್ಕೆ ಲೀಟರ್ ನೀರಿಗೆ 50 ಗ್ರಾಂ ಸಿಟ್ರಿಕ್ ಆ್ಯಸಿಡ್ ಸಾಕು. ಆದರೆ ರಾತ್ರಿಯಿಡೀ ಮರೆತುಬಿಡುವಂತಿಲ್ಲ, ಎರಡು ಗಂಟೆಗೊಮ್ಮೆ ತೆಗೆದು ನೋಡಿ.

ಇನ್ನು ಬೆಡ್. ಇಲ್ಲಿ ಎಮರಿ ಪೇಪರ್, ಗ್ರೈಂಡರ್ ಎರಡನ್ನೂ ದೂರ ಇಡಿ. ಎಮರಿಯ ಹರಳು ಬೀಡಿನ ಮೈಯಲ್ಲಿ ಹೂತು ಕೂತು ಸ್ಯಾಡಲ್ಲನ್ನು ದಿನವೂ ತೇಯುತ್ತದೆ. ಡೀಸೆಲ್ ಧಾರಾಳ ಸುರಿದು ಒಂದು ಗಂಟೆ ಬಿಡಿ. ದಪ್ಪ ಬ್ಲೇಡನ್ನು ಬೆಡ್‌ಗೆ ಬಹಳ ಓರೆಯಾಗಿ ಮಲಗಿಸಿ, ಒತ್ತದೆ, ಉದ್ದಕ್ಕೆ ತಳ್ಳಿ. ಮೊದಲು ಕೆಂಪು ಕೆಸರು ಬರುತ್ತದೆ, ಒರೆಸಿ ಮತ್ತೆ ತಳ್ಳಿದಂತೆ ಕಂದು, ಆಮೇಲೆ ಬೂದು. ಬೂದು ಬಂದ ಜಾಗದಲ್ಲಿ ಬ್ಲೇಡಿನ ಕರಕರ ಸದ್ದು ನಿಂತು ನುಣ್ಣಗೆ ಜಾರತೊಡಗುತ್ತದೆ. ಅಲ್ಲಿಗೆ ನಿಲ್ಲಿಸಿ. ಉಳಿದ ಕಲೆಗೆ ಅತಿ ನಯದ ಸ್ಟೀಲ್ ವೂಲ್, ಎಣ್ಣೆ. ಅಲ್ಲಲ್ಲಿ ಗುಳಿ ಉಳಿದರೆ ಬಿಟ್ಟುಬಿಡಿ. ಗುಳಿ ಎಣ್ಣೆ ಹಿಡಿದಿಡುತ್ತದೆ, ಅಳತೆ ಕೆಡಿಸುವುದಿಲ್ಲ. ಅಳತೆ ಕೆಡಿಸುವುದು ಮೇಲೆದ್ದ ಬೊಕ್ಕೆ. ಅದನ್ನು ಮಾತ್ರ ಎಣ್ಣೆಗಲ್ಲಿನಿಂದ ಸಮ ಮಾಡಿ.

ಹಳೇ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಒಣಗಿದ ಬಣ್ಣವನ್ನು ಗ್ರೈಂಡರಿನಿಂದ ಧೂಳೆಬ್ಬಿಸಬೇಡಿ, ಒದ್ದೆ ಮಾಡಿ ಕೆರೆಯಿರಿ. ಮಕ್ಕಳು ಓಡಾಡುವ ಜಾಗದಲ್ಲಂತೂ ಬೇಡವೇ ಬೇಡ.

ಪ್ರಶ್ನೆ: ಶಿರಸಿಯಲ್ಲಿ ಕೊಂಡ ಲೇತನ್ನು ದೇವಿಮನೆ ಘಟ್ಟ ಇಳಿಸಿ ತರಬೇಕು. ಪಿಕಪ್‌ನಲ್ಲಿ ಆಗುತ್ತದೆಯೇ? — ಓದುಗರು, ಕುಮಟಾ

ಉತ್ತರ: ಆಗುತ್ತದೆ. ಇಂಥ ಬೆಲ್ಟ್ ಲೇತ್ ಸಾಮಾನ್ಯವಾಗಿ 300ರಿಂದ 500 ಕೆ.ಜಿ. ಇರುತ್ತದೆ. ಅಪಾಯ ತೂಕದಲ್ಲಿಲ್ಲ, ತಲೆಭಾರದಲ್ಲಿದೆ. ಹೆಡ್‌ಸ್ಟಾಕ್ ಒಂದು ಬದಿ, ಮೋಟಾರು ಹಿಂದೆ, ಕಾಲುಗಳ ಅಗಲ ಕಡಿಮೆ. ತಿರುವಿನಲ್ಲಿ ವಾಲಿದರೆ ಹಿಂದಕ್ಕೇ ಬೀಳುತ್ತದೆ. ಮೋಟಾರು, ಚಕ್ ಮೊದಲೇ ಇಳಿಸಿ. ಸ್ಯಾಡಲ್, ಟೇಲ್‌ಸ್ಟಾಕ್ ಎರಡನ್ನೂ ಹೆಡ್‌ಸ್ಟಾಕ್‌ಗೆ ಎದುರಿನ ತುದಿಗೆ ಸರಿಸಿ ಬಿಗಿ ಮಾಡಿದರೆ ತೂಕ ಸಮವಾಗುತ್ತದೆ. ಎತ್ತುವ ಪಟ್ಟಿ ಬೆಡ್‌ನ ಅಡಿ ಹಾಯಲಿ, ಲೀಡ್ ಸ್ಕ್ರೂವಿಗೆ ತಾಗದಂತೆ ಮರದ ತುಂಡು ಕೊಡಿ. ಲೀಡ್ ಸ್ಕ್ರೂ ಒಮ್ಮೆ ಬಾಗಿತೆಂದರೆ ತ್ರೆಡ್ಡಿನ ಆಸೆ ಬಿಡಬೇಕಾಗುತ್ತದೆ. ಕಾಲುಗಳ ಅಡಿಗೆ ಎರಡು ದಪ್ಪ ತೊಲೆ ಅಡ್ಡ ಕೊಟ್ಟು ಬೋಲ್ಟ್ ಹಾಕಿ, ಆ ತೊಲೆಗಳನ್ನು ಗಾಡಿಗೆ ನಾಲ್ಕೂ ಮೂಲೆಗೆ ಕಟ್ಟಿ. ಹಗ್ಗ ಜಗ್ಗುತ್ತದೆ, ರಾಟ್ಚೆಟ್ ಪಟ್ಟಿಯೇ ಬೇಕು. ಅರ್ಧ ಘಟ್ಟದಲ್ಲಿ ನಿಲ್ಲಿಸಿ ಒಮ್ಮೆ ಬಿಗಿ ನೋಡಿಕೊಳ್ಳಿ. ಮನೆಯಲ್ಲಿ ಇಳಿಸಿದ ಮೇಲೆ ಮುಕ್ಕಾಲಿಂಚಿನ ಮೂರು ಪೈಪುಗಳ ಮೇಲೆ ಉರುಳಿಸಿಕೊಂಡು ಹೋಗಲು ಇಬ್ಬರು ಸಾಕು.

ಪ್ರಶ್ನೆ: ಮನೆಯಲ್ಲಿ ಸಿಂಗಲ್ ಫೇಸ್ ಮಾತ್ರ. ಲೇತ್‌ನಲ್ಲಿರುವುದು 1 ಎಚ್.ಪಿ. ತ್ರೀ ಫೇಸ್ ಮೋಟಾರು. — ಓದುಗರು, ಅಂಕೋಲಾ

ಉತ್ತರ: ಎರಡು ದಾರಿ. ಸರಳವಾದದ್ದು 1440 ಆರ್.ಪಿ.ಎಂ.ನ 1 ಎಚ್.ಪಿ. ಸಿಂಗಲ್ ಫೇಸ್ ಕೆಪಾಸಿಟರ್ ಮೋಟಾರು ಹಾಕುವುದು. ಇನ್ನೊಂದು, ವಿ.ಎಫ್.ಡಿ., ಅಂದರೆ ಮೋಟಾರಿನ ವೇಗ ಏರಿಳಿಸುವ ವಿದ್ಯುತ್ ಸಾಧನ. ಇದಕ್ಕೆ 230 ವೋಲ್ಟ್ ಸಿಂಗಲ್ ಫೇಸ್ ಕೊಟ್ಟರೆ ಹೊರಬರುವುದು 230 ವೋಲ್ಟಿನ ತ್ರೀ ಫೇಸ್, 415 ಅಲ್ಲ. ನಿಮ್ಮ ಮೋಟಾರು 415ಕ್ಕೆ ಸ್ಟಾರ್ ಜೋಡಣೆಯಲ್ಲಿದ್ದರೆ ಟರ್ಮಿನಲ್ ಪೆಟ್ಟಿಗೆಯಲ್ಲಿ ಆರು ತುದಿಗಳಿರುತ್ತವೆ, ಅವನ್ನು ಡೆಲ್ಟಾಕ್ಕೆ ಬದಲಿಸಬೇಕು. ಮೂರೇ ತುದಿ ಇದ್ದರೆ ವೈಂಡಿಂಗ್ ಮಾಡುವವರು ಒಳಗಿನ ಸ್ಟಾರ್ ಗಂಟು ಬಿಚ್ಚಿ ಉಳಿದ ಮೂರನ್ನು ಹೊರತೆಗೆದು ಕೊಡುತ್ತಾರೆ. ವಿ.ಎಫ್.ಡಿ. ಮತ್ತು ಮೋಟಾರಿನ ನಡುವೆ ಸ್ವಿಚ್ ಹಾಕಿದರೆ ವಿ.ಎಫ್.ಡಿ. ಸುಡಬಹುದು. 20 ಹರ್ಟ್ಸ್‌ಗಿಂತ ಕೆಳಗೆ ಬಹಳ ಹೊತ್ತು ಓಡಿಸಿದರೆ ಫ್ಯಾನು ನಿಧಾನವಾಗಿ ಮೋಟಾರು ಕಾಯುತ್ತದೆ. ನಿಧಾನ ಬೇಕಾದಾಗ ಬ್ಯಾಕ್ ಗೇರ್ ಹಾಕಿ, ಬಲವೂ ಸಿಗುತ್ತದೆ.

ಪುಲ್ಲಿ ಲೆಕ್ಕ: ಮೋಟಾರಿಗೆ ಎರಡೂವರೆ ಇಂಚು, ಕೌಂಟರ್ ಶಾಫ್ಟಿಗೆ (ಮೋಟಾರು, ಸ್ಪಿಂಡಲ್ ನಡುವಿನ ಶಾಫ್ಟು) 10 ಇಂಚು ಹಾಕಿದರೆ 1440 ಇಳಿದು 360 ಆಗುತ್ತದೆ. ಹೈಸ್ಪೀಡ್ ಸ್ಟೀಲ್ ಟೂಲಿನಲ್ಲಿ 25 ಮಿ.ಮೀ. ಎಂ.ಎಸ್. (ಮಾಮೂಲಿ ಮೆದು ಉಕ್ಕು) ಸರಳಿಗೆ ಬೇಕಾದ ವೇಗವೂ ಸುಮಾರು 320, ಅಂದರೆ ಪುಲ್ಲಿಯ ನಡುವಿನ ಮೆಟ್ಟಿಲು ಸರಿಹೋಗುತ್ತದೆ. ವೈರು 2.5 ಚದರ ಮಿ.ಮೀ., ಅರ್ಥಿಂಗ್ ಕಡ್ಡಾಯ. ಚಕ್ ತಿರುಪಿನ ಮೇಲೆ ಕೂರುವ ಬಗೆಯದಾದರೆ ರಿವರ್ಸ್‌ನಲ್ಲಿ ಜೋರು ಕಟ್ ಹಾಕಬೇಡಿ, ಬಿಚ್ಚಿಕೊಂಡು ಮೈಮೇಲೆ ಬರುತ್ತದೆ.

ಪ್ರಶ್ನೆ: ಲೀಡ್ ಸ್ಕ್ರೂ ಇಂಚಿಗೆ 8 ತ್ರೆಡ್ಡಿನದು. ದೋಣಿಯ ಎಂಜಿನ್ ಬೋಲ್ಟುಗಳೆಲ್ಲ ಮಿ.ಮೀ.ನವು. ಮಾಡಲು ಬರುತ್ತದೆಯೇ? — ಓದುಗರು, ಹೊನ್ನಾವರ

ಉತ್ತರ: ಬರುತ್ತದೆ, 127 ಹಲ್ಲಿನ ಗೇರ್ ಬೇಕು. ಒಂದು ಇಂಚು 25.4 ಮಿ.ಮೀ., ಅದರ ಐದು ಪಟ್ಟು 127. ಭಿನ್ನರಾಶಿ ಉಳಿಯದ ಅತಿ ಸಣ್ಣ ಸಂಖ್ಯೆ ಅದೇ. ನಿಮ್ಮ ಸ್ಕ್ರೂವಿನ ಪಿಚ್ (ತ್ರೆಡ್ಡಿನಿಂದ ತ್ರೆಡ್ಡಿಗಿರುವ ದೂರ) 3.175 ಮಿ.ಮೀ. 1.5 ಪಿಚ್‌ಗೆ ಸ್ಪಿಂಡಲ್ ಕಡೆ 60, ಸ್ಕ್ರೂ ಮೇಲೆ 127. 1 ಮಿ.ಮೀ.ಗೆ 40 ಮತ್ತು 127. ನಡುವೆ ಜೋಡಿಸುವ ಐಡ್ಲರ್ ಗೇರ್ ಯಾವುದಾದರೂ ನಡೆಯುತ್ತದೆ. 127 ಸಿಗದಿದ್ದರೆ 1.5 ಪಿಚ್‌ಗೆ 63 ಹಲ್ಲಿನದರ ಜೊತೆ 30 ಹಾಕಬಹುದು, 10 ಮಿ.ಮೀ. ಉದ್ದಕ್ಕೆ 0.08 ತಪ್ಪುತ್ತದೆ. ನಟ್ಟಿಗೆ ನಡೆದೀತು, ಉದ್ದದ ಸ್ಕ್ರೂವಿಗೆ ನಡೆಯದು.

ಒಂದು ಎಚ್ಚರಿಕೆ: ಇಂಚಿನ ಸ್ಕ್ರೂವಿನಲ್ಲಿ ಮಿ.ಮೀ. ತ್ರೆಡ್ ಹಾಕುವಾಗ ಹಾಫ್ ನಟ್ ಬಿಡಲೇಬೇಡಿ. ಟೂಲ್ ಹಿಂದೆಳೆದು, ಮೋಟಾರು ರಿವರ್ಸ್ ಮಾಡಿಯೇ ಸ್ಯಾಡಲ್ ವಾಪಸು ತನ್ನಿ. ಬಿಟ್ಟು ಮತ್ತೆ ಹಾಕಿದರೆ ಟೂಲ್ ಹಳೇ ಗೆರೆಗೆ ಕೂರುವುದಿಲ್ಲ.

ಪ್ರಶ್ನೆ: ಗೇರಿನ ಎರಡು ಹಲ್ಲು ಮುರಿದಿತ್ತು. ಹೊಸದು ಮಾಡಿಸಿದೆ, ಹಲ್ಲಿನ ಲೆಕ್ಕ ಸರಿ ಇದೆ, ಆದರೂ ಗೊರಗೊರ ಸದ್ದು. — ಓದುಗರು, ಭಟ್ಕಳ

ಉತ್ತರ: ಅಳತೆಯ ಪದ್ಧತಿಯೇ ಬೇರೆಯಾಗಿರಬೇಕು. ಹಳೇ ಗೇರಿನ ಹೊರವ್ಯಾಸ ಅಳೆಯಿರಿ. 40 ಹಲ್ಲಿನ ಗೇರು 2.1 ಇಂಚು, ಅಂದರೆ 53.34 ಮಿ.ಮೀ. ಬಂತೆನ್ನಿ. ಹಲ್ಲಿಗೆ 2 ಸೇರಿಸಿ ಇಂಚಿನ ವ್ಯಾಸದಿಂದ ಭಾಗಿಸಿದರೆ 20 ಡಿ.ಪಿ. (ಇಂಚಿನ ಪದ್ಧತಿಯಲ್ಲಿ ಹಲ್ಲಿನ ಗಾತ್ರದ ಅಳತೆ). ಮಿಲಿಮೀಟರಿನಲ್ಲಿ ನೋಡಿದರೆ ಅದು ಮಾಡ್ಯೂಲ್ 1.27. ಅಂಗಡಿಯಲ್ಲಿರುವ ಕಟರ್ 1.25ರದು. ‘ಹತ್ತಿರವೇ ಇದೆಯಲ್ಲ’ ಎಂದು ಅದರಲ್ಲೇ ಕತ್ತರಿಸಿಬಿಡುತ್ತಾರೆ, ಹಲ್ಲಿಗೆ ಹಲ್ಲು ಕೂರದೆ ಗೊರಗುಟ್ಟುತ್ತದೆ. 20 ಡಿ.ಪಿ. ಕಟರ್ ಇದೆಯೇ ಎಂದು ಕೇಳಿಯೇ ಕೊಡಿ. ಅಂದಹಾಗೆ ಬ್ಯಾಕ್ ಗೇರಿನ ಹಲ್ಲು ಮುರಿಯಲು ದೊಡ್ಡ ಕಾರಣ, ಅದನ್ನು ಲಾಕ್ ಮಾಡಿ ಕಚ್ಚಿಕೊಂಡ ಚಕ್ ಬಿಚ್ಚಲು ಹೋಗುವುದು. ದವಡೆಗೆ ಮರದ ತುಂಡು ಕಚ್ಚಿಸಿ, ಅದನ್ನು ಬೆಡ್‌ಗೆ ಆನಿಸಿ, ಬೆಲ್ಟನ್ನು ಕೈಯಲ್ಲಿ ಹಿಮ್ಮುಖ ಎಳೆದರೆ ಬಿಡುತ್ತದೆ.

ಪ್ರಶ್ನೆ: ಎಣ್ಣೆಗೆ ಮನೆಯ ತೆಂಗಿನೆಣ್ಣೆ ಸಾಲದೇ? — ಓದುಗರು, ಯಲ್ಲಾಪುರ

ಉತ್ತರ: ಸಾಲದು. ಚಳಿಗಾಲದ ಬೆಳಿಗ್ಗೆ ಹೆಪ್ಪುಗಟ್ಟಿ ಎಣ್ಣೆತೂತು ಕಟ್ಟಿಕೊಳ್ಳುತ್ತದೆ, ಕಮಟು ಬಂದ ಮೇಲೆ ಗನ್ ಮೆಟಲ್ ಬುಷ್‌ಗೆ ಹಸಿರು ಕಿಲುಬು ಹಿಡಿಸುತ್ತದೆ. ಬೆಡ್, ಸ್ಲೈಡ್‌ಗಳಿಗೆ 68 ನಂಬರ್, ಬಿಗಿಯಾದ ಸ್ಪಿಂಡಲ್ ಬುಷ್‌ಗೆ 32 ನಂಬರ್ ಹೈಡ್ರಾಲಿಕ್ ಎಣ್ಣೆ ತನ್ನಿ.

ಪ್ರಶ್ನೆ: ಹಲಸಿನ ಹಲಗೆಯ ಮೇಜಿನ ಮೇಲೆ ಸಣ್ಣ ಲೇತ್ ಕೂರಿಸಿದ್ದೇನೆ. ಬೇಸಿಗೆಯಲ್ಲಿ ಸರಿಯಿತ್ತು. ಜುಲೈನಿಂದ ಕಡೆದದ್ದೆಲ್ಲ ಓರೆ. — ಓದುಗರು, ಸಿದ್ದಾಪುರ

ಉತ್ತರ: ಮಳೆಗೆ ಹಲಗೆ ಉಬ್ಬಿ ಬೆಡ್ಡನ್ನು ತಿರುಚಿದೆ. ಬೀಡು ಗಟ್ಟಿ, ಆದರೆ ಬಿಗಿದ ಬೋಲ್ಟಿನ ಎಳೆತಕ್ಕೆ ನೂರನೇ ಒಂದು ಮಿ.ಮೀ.ನ ಲೆಕ್ಕದಲ್ಲಿ ಬಗ್ಗುತ್ತದೆ. ಖಚಿತ ಮಾಡಿಕೊಳ್ಳಲು 40 ಮಿ.ಮೀ. ಸರಳನ್ನು 150 ಮಿ.ಮೀ. ಹೊರಚಾಚುವಂತೆ ಚಕ್‌ಗೆ ಕಚ್ಚಿಸಿ, ಟೇಲ್‌ಸ್ಟಾಕ್ ಆಸರೆ ಬೇಡ. ಎರಡೂ ತುದಿಯಲ್ಲಿ 15 ಮಿ.ಮೀ. ಅಗಲದ ಪಟ್ಟೆ ಉಳಿಸಿ ನಡುವೆ 2 ಮಿ.ಮೀ. ತಗ್ಗಿಸಿ. ಹರಿತವಾದ ಹೈಸ್ಪೀಡ್ ಸ್ಟೀಲ್ ಟೂಲಿನಿಂದ, ಕ್ರಾಸ್ ಸ್ಲೈಡ್ ಮುಟ್ಟದೆ, ಎರಡೂ ಪಟ್ಟೆಗೆ ಒಂದೇ ಓಟದಲ್ಲಿ ನಯವಾದ ಕಟ್ ಕೊಟ್ಟು ಮೈಕ್ರೋಮೀಟರಿನಲ್ಲಿ ಅಳೆಯಿರಿ. ಟೇಲ್‌ಸ್ಟಾಕ್ ಕಡೆಯ ಪಟ್ಟೆ ದಪ್ಪವಿದ್ದರೆ ಆ ತುದಿಯ ಮುಂದಿನ ಕಾಲಿಗೆ ಶಿಮ್ ಕೊಡಿ, ತೆಳ್ಳಗಿದ್ದರೆ ಹಿಂದಿನ ಕಾಲಿಗೆ. ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯ ತಗಡು ಸುಮಾರು 0.1 ಮಿ.ಮೀ., ಅದೇ ಶಿಮ್ ಆಗುತ್ತದೆ. ವ್ಯತ್ಯಾಸ 0.02ರೊಳಗೆ ಬರುವವರೆಗೆ ಮತ್ತೆ ಮತ್ತೆ ಮಾಡಿ. ಮರದ ಮೇಜು ಇರುವವರೆಗೆ ದೀಪಾವಳಿಗೊಮ್ಮೆ ಯುಗಾದಿಗೊಮ್ಮೆ ಇದೇ ಪಾಡು. ಆರಿಂಚು ಕಾಂಕ್ರೀಟ್ ಮೇಲೆ ಕಬ್ಬಿಣದ ಸ್ಟ್ಯಾಂಡ್ ಹಾಕಿಬಿಡಿ.

ಪ್ರಶ್ನೆ: ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಸಿಟ್ಟರೂ ತುಕ್ಕು ಬಂತು. — ಓದುಗರು, ಗೋಕರ್ಣ

ಉತ್ತರ: ಪ್ಲಾಸ್ಟಿಕ್ಕೇ ಕಾರಣ. ರಾತ್ರಿ ತಣ್ಣಗಾದ ಕಬ್ಬಿಣಕ್ಕೆ ಬೆಳಗಿನ ಬೆಚ್ಚನೆಯ ತೇವಗಾಳಿ ತಾಗಿದಾಗ ಅದು ಬೆವರುತ್ತದೆ. ಪ್ಲಾಸ್ಟಿಕ್ ಆ ಬೆವರನ್ನು ಹೊರಹೋಗಲು ಬಿಡುವುದಿಲ್ಲ. ದಪ್ಪ ಹತ್ತಿ ಬಟ್ಟೆ ಹೊದಿಸಿ, ಅಡಿಯಲ್ಲಿ ಬಟ್ಟೆಗೆ ತಾಗದಂತೆ ತಂತಿಬಲೆಯ ಒಳಗೆ 40 ವಾಟಿನ ಹಳೇ ಬಗೆಯ ಬಲ್ಬ್ ಉರಿಸಿ. ಎಲ್.ಇ.ಡಿ. ಬಲ್ಬಿನಿಂದ ಬೇಕಾದಷ್ಟು ಶಾಖ ಬರುವುದಿಲ್ಲ. ಕಬ್ಬಿಣ ಸುತ್ತಲಿನ ಗಾಳಿಗಿಂತ ಎರಡು ಮೂರು ಡಿಗ್ರಿ ಬೆಚ್ಚಗಿದ್ದರೆ ಬೆವರುವುದಿಲ್ಲ. ವಾರಕ್ಕೊಮ್ಮೆ ಸ್ಯಾಡಲ್ ಸರಿಸಿ ಅದರ ಅಡಿಯನ್ನೂ ಒರೆಸಿ. ನೀರು ಬೆರೆಸಿದ ಕೂಲಂಟ್ ಅಲ್ಲೇ ನಿಲ್ಲುವುದು, ಮೊದಲ ಕಲೆ ಬೀಳುವುದೂ ಅಲ್ಲೇ. ತಿಂಗಳುಗಟ್ಟಲೆ ಮುಟ್ಟುವುದಿಲ್ಲವೆಂದರೆ ಗ್ರೀಸಿಗೆ ಅಷ್ಟೇ ಡೀಸೆಲ್ ಕಲಸಿ ಬ್ರಷ್‌ನಲ್ಲಿ ತೆಳ್ಳಗೆ ಬಳಿಯಿರಿ. ಮತ್ತೆ ಶುರು ಮಾಡುವಾಗ ಅದನ್ನು ಪೂರ್ತಿ ಒರೆಸಿ ತೆಗೆದು, ಹೊಸ ಎಣ್ಣೆ ಹಾಕಿದ ಮೇಲೆಯೇ ಸ್ಯಾಡಲ್ ಓಡಿಸಿ.